ಸರ್ವರ್ ಕೋಣೆಯ ಆಪಾ

ಶೋಕಸಭೆಯಲ್ಲಿ ನನ್ನನ್ನು ಮಾತಾಡಲು ಎಬ್ಬಿಸಿದರು. ಎದುರುಬದುರು ಕೋಣೆಗಳಲ್ಲಿ ಇಷ್ಟು ವರ್ಷ ಕೆಲಸ ಮಾಡಿದವನು, ನಾಲ್ಕು ಮಾತು ಆಡಿಯಾನು ಎಂದು ಎಲ್ಲರೂ ತಿರುಗಿ ನೋಡಿದರು. ಮೈಕು ಹಿಡಿದು "ನಮ್ಮ ಆಪಾ" ಅಂದೆ. ಅಷ್ಟೇ ಆಡಿದ್ದು. ಮೈಕನ್ನು ಪಕ್ಕದವರ ಕೈಗೆ ಕೊಟ್ಟು ಕೂತುಬಿಟ್ಟೆ. ಅವತ್ತು ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ನಮ್ಮಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಅವರಿಗಿಂತ ದೊಡ್ಡವರಾದ ಆಯಾಗಳು ಕೂಡ ಆಪಾ ಎಂದೇ ಅನ್ನುತ್ತಿದ್ದರು. ಅಕ್ಕ ಎಂದು ಅದರ ಅರ್ಥ.

ನವಲಗುಂದದ ನಮ್ಮ ದವಾಖಾನೆ ಒಂದು ಟ್ರಸ್ಟಿನದು. ಕಟ್ಟಿದವರು ದೊಡ್ಡ ಡಾಕ್ಟರು. ಅದರ ಮುಖ್ಯಸ್ಥರೂ ಅವರೇ, ಆಪರೇಷನ್ ಮಾಡುವವರೂ ಅವರೇ. ನಾನು ಅಲ್ಲಿ ಎಕ್ಸ್‌ರೇ ತೆಗೆಯುವವನು. ನನ್ನ ಬಾಗಿಲಿನ ಎದುರಿಗೆ ಸರ್ವರ್ ಕೋಣೆ. ದವಾಖಾನೆಯ ಎಲ್ಲ ಕಂಪ್ಯೂಟರುಗಳಿಗೂ ಮೂಲವಾದ ಯಂತ್ರಗಳು ಅಲ್ಲಿದ್ದವು. ಅದು ಆಪಾ ಅವರ ಕೋಣೆ.

ಅವರ ಗಂಡ ನಮ್ಮ ಆಂಬ್ಯುಲೆನ್ಸಿನ ಡ್ರೈವರ್ ಆಗಿದ್ದವರು. ಕಾಯಿಲೆ ಬಿದ್ದು ತೀರಿಕೊಂಡಾಗ ಮಗಳು ಇನ್ನೂ ಕೈಗೂಸು. ಡಾಕ್ಟರು ತಾವೇ ಮನೆಗೆ ಹೋಗಿ "ನಾಳಿಂದ ದವಾಖಾನಿಗೆ ಬಾರವಾ" ಅಂದರಂತೆ. ಮೊದಲು ಚೀಟಿ ಬರೆಯುವ ಕಿಟಕಿಯಲ್ಲಿ ಕೂರಿಸಿದರು. ಆಮೇಲೆ ಕಂಪ್ಯೂಟರ್ ಬಂತು. ಈಕೆಗೆ ಅದರಲ್ಲಿ ಆಸಕ್ತಿಯಿದೆ ಎಂದು ಗೊತ್ತಾದ ಮೇಲೆ ಹುಬ್ಬಳ್ಳಿಗೆ ಕಲಿಯಲು ಕಳಿಸಿದರು. ಮಗಳನ್ನು ತಾಯಿಯ ಹತ್ತಿರ ಬಿಟ್ಟು, ಬಸ್ಸಿನಲ್ಲಿ ಓಡಾಡಿ, ಆಪಾ ಡಿಪ್ಲೊಮಾ ಮುಗಿಸಿದರು. ತಾಯಿ ಜಮಖಾನೆ ನೇಯುವಾಕೆ. ಮಗ್ಗದ ಮುಂದೆಯೇ ಮೊಮ್ಮಗಳನ್ನು ಆಡಿಸುತ್ತ ಬೆಳೆಸಿದಳು. "ನನಗ ತವರಮನಿ ಎರಡು ತಮ್ಮಾ," ಎಂದು ಆಪಾ ನನಗೆ ಹೇಳುತ್ತಿದ್ದರು, "ಒಂದು ಅಮ್ಮಾಂದು, ಇನ್ನೊಂದು ಸಾಹೇಬ್ರದು." ಸಾಹೇಬ್ರು ಅಂದರೆ ಡಾಕ್ಟರು.

ಎತ್ತರದ ಹೆಂಗಸು. ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವಾಗ ಎಡಗೈಯಿಂದಲೇ ಎಳೆದುಕೊಳ್ಳುತ್ತಿದ್ದರು, ಬಲಗೈ ಸದಾ ಕೀಲಿಮಣೆಯ ಮೇಲೆ. ಕಂಪ್ಯೂಟರ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ಬಹಳ ಹೊತ್ತು ಸಂಗೀತ ಕೇಳಿಸುತ್ತಾರಲ್ಲ, ಆಗ ಆಪಾ ಫೋನನ್ನು ಮೇಜಿನ ಮೇಲಿಟ್ಟು, ಪೇಪರು ಹಾಸಿ, ಮೆಂತ್ಯಪಲ್ಲೆ ಸೋಸುತ್ತ ಕೂರುತ್ತಿದ್ದರು. ಆ ಕಡೆಯಿಂದ ಮನುಷ್ಯರ ದನಿ ಬಂದ ಕೂಡಲೇ ಕೈ ಒರೆಸಿಕೊಂಡು, ಹಿಂದಿ ಇಂಗ್ಲಿಷು ಬೆರೆಸಿ, ಮೊದಲು ಊಟವಾಯಿತೇ ಎಂದು ಕೇಳಿ ಆಮೇಲೆಯೇ ವಿಷಯಕ್ಕೆ ಬರುತ್ತಿದ್ದರು. ಊಟದ ಮಾತು ಕೇಳಿ ಆ ಕಡೆಯವರು ಒಂದು ಕ್ಷಣ ತಬ್ಬಿಬ್ಬಾಗುವುದು ನನಗೆ ನನ್ನ ಕೋಣೆಯಿಂದಲೇ ಕೇಳಿಸುತ್ತಿತ್ತು.

ದವಾಖಾನೆ ಬೆಳೆದಂತೆ ಡಾಕ್ಟರು ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯ ಕಡೆಯಿಂದ ಎರಡು ದೊಡ್ಡ ಸರ್ವರ್ ಹಾಕಿಸಿದರು. ಆತನ ತಂದೆಗೆ ಡಾಕ್ಟರೇ ಆಪರೇಷನ್ ಮಾಡಿ ಬದುಕಿಸಿದ್ದರು. ಹಾಗಾಗಿ ಆತ ಬಹಳ ಕಡಿಮೆಯಲ್ಲಿ ಮಾಡಿಕೊಟ್ಟ. ಡಾಕ್ಟರು ಅವನಿಗೆ ಎಲ್ಲರೆದುರು ಶಾಲು ಹೊದಿಸಿದರು. ಆ ಎರಡು ಯಂತ್ರಗಳೊಳಗೆ ಐದು ಬೇರೆ ಬೇರೆ ಕಂಪ್ಯೂಟರುಗಳು ಇದ್ದಂತೆ ವ್ಯವಸ್ಥೆ. ಒಂದು ನನ್ನ ಎಕ್ಸ್‌ರೇ ಚಿತ್ರಗಳಿಗೆ, ಒಂದು ರಕ್ತಪರೀಕ್ಷೆಗೆ, ಒಂದು ಔಷಧ ಅಂಗಡಿಗೆ, ಒಂದು ಬಿಲ್ಲಿಗೆ, ಒಂದು ಹಳೆಯ ರೋಗಿಗಳ ವಿವರಕ್ಕೆ. ನಿಜವಾಗಿ ಇಲ್ಲದ ಈ ಕಂಪ್ಯೂಟರುಗಳನ್ನೆಲ್ಲ ಒಂದೇ ಪರದೆಯಿಂದ ನೋಡಿಕೊಳ್ಳಲು ಮತ್ತೊಂದು ತಂತ್ರಾಂಶ. ಅದು ನಡೆಯಬೇಕಾದರೆ ಅದನ್ನು ಮಾಡಿದ ಕಂಪನಿಯ ಲೈಸೆನ್ಸ್, ಅಂದರೆ ಪರವಾನಗಿ, ಬೇಕು.

ಇದೇನೆಂದು ಊಟದ ಹೊತ್ತಿಗೆ ನರ್ಸೊಬ್ಬಳು ಕೇಳಿದಾಗ ಆಪಾ ರೊಟ್ಟಿ ಮುರಿಯುತ್ತ ಹೇಳಿದ್ದು ನೆನಪಿದೆ.

"ಒಂದ ದೊಡ್ಡ ಮನಿ ಅನ್ನು. ಒಳಗ ಐದು ಮಂದಿ ಸೊಸ್ತ್ಯಾರು, ಐದು ಒಲಿ. ಒಬ್ಬೊಬ್ಬಾಕಿಗೂ ಇಡೀ ಮನಿ ತಂದ ಅನಸ್ತೈತಿ. ಯಾರಿಗೆ ಎಷ್ಟು ಜಾಗಾ, ಯಾರ ಒಲಿ ಆರಿತು, ನೋಡಾಕ ಒಬ್ಬಾಕಿ ಅತ್ತಿ ಬೇಕಲಾ? ಅದ ಆ ಸಾಫ್ಟ್‌ವೇರು."

"ಅತ್ತಿಗೆ ಲೈಸೆನ್ಸ್ ಬೇಕೇನ್ರಿ ಆಪಾ?"

"ಮೊದಲ ಆಕಿಗೇ ಬೇಕು."

ಎಲ್ಲರೂ ನಕ್ಕೆವು. ಆ ಲೈಸೆನ್ಸಿನಿಂದ ನಮ್ಮ ದವಾಖಾನೆಯಲ್ಲಿ ಬಿರುಕು ಬೀಳುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಆಪಾ ಅವರ ಪರದೆಯ ಮೇಲೆ ಕೆಂಪು ಅಕ್ಷರ ಕಾಣಿಸಿತು. ಲೈಸೆನ್ಸಿನ ಅವಧಿ ಮುಗಿಯುತ್ತ ಬಂದಿದೆ ಎಂಬ ಎಚ್ಚರಿಕೆ. ಮುಗಿದರೆ ಏನಾಗುತ್ತದೆ ಎಂದು ಕೇಳಿದೆ. ನಡೆಯುತ್ತಿರುವ ಕಂಪ್ಯೂಟರುಗಳು ನಡೆಯುತ್ತಲೇ ಇರುತ್ತವಂತೆ. ಆದರೆ ಯಾವುದಾದರೂ ಒಂದು ನಿಂತರೆ ಅದನ್ನು ಮತ್ತೆ ಶುರುಮಾಡಲು ಬಿಡುವುದಿಲ್ಲವಂತೆ. ನಮ್ಮೂರಿನ ಕರೆಂಟಿನ ಸ್ಥಿತಿ ಎಲ್ಲರಿಗೂ ಗೊತ್ತಿದ್ದದ್ದೇ. ಅವಧಿ ಇನ್ನೂ ಉಳಿದಿತ್ತು, ಆದರೂ ಅಂದಿನಿಂದ ದೀಪ ಒಮ್ಮೆ ಮಿಣುಕಿದರೆ ಸಾಕು, ಆಪಾ ಎದ್ದು ಕಾರಿಡಾರಿಗೆ ಬಂದು, ಜನರೇಟರಿನ ಸದ್ದು ಶುರುವಾಗುವವರೆಗೂ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರು.

ಲೈಸೆನ್ಸ್ ಮುಂದುವರಿಸಲು ಕಂಪನಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗಿ ನಂಬರು ನೋಡಿ, ಇದು ಯಾವುದೋ ಕಾಲೇಜಿಗೆ ಪಾಠ ಹೇಳುವುದಕ್ಕೆಂದು ಕೊಟ್ಟದ್ದು, ನಿಮ್ಮ ಆಸ್ಪತ್ರೆಯ ಹೆಸರಿನಲ್ಲಿ ನಮ್ಮಲ್ಲಿ ಏನೂ ಇಲ್ಲ, ನೀವು ಯಾರು ಎಂದು ಕೇಳಿದಳು. ಆಪಾ ಫೋನ್ ಇಟ್ಟು ಹೊರಗೆ ಬಂದು ರೋಗಿಗಳ ಬೆಂಚಿನ ಮೇಲೆ ಕೂತರು. ನಾನು ಏನಾಯಿತೆಂದು ಕೇಳಿದೆ.

"ಮಂದಿ ಮನ್ಯಾಗ ಸಂಸಾರ ಹೂಡೀವಿ ತಮ್ಮಾ," ಅಂದರು. "ಗೊತ್ತ ಇಲ್ಲದ."

ವ್ಯಾಪಾರಿಯನ್ನು ಕರೆಸಿದರು. ಆತ ನಗುನಗುತ್ತಲೇ ಬಂದ. ಜೇಬಿನಿಂದ ಪೆನ್ ಡ್ರೈವ್ ತೆಗೆದು, "ಇದನ್ನ ಹಾಕ್ರಿ ಆಪಾ, ಕೆಂಪು ಅಕ್ಷರ ಹೋಗ್ತಾವು. ಎಲ್ಲಾ ಕಡೆ ಹಿಂಗ ನಡೀತೈತಿ," ಅಂದ. ಕಳ್ಳ ಲೈಸೆನ್ಸ್ ಅದು. ಆಪಾ ಅವನಿಗೆ ಚಹಾ ತರಿಸಿದರು. ಕುಡಿದು ಮುಗಿಸುವವರೆಗೆ ಕಾದು, ಪೆನ್ ಡ್ರೈವನ್ನು ಅವನ ಕೈಗೇ ವಾಪಸು ಕೊಟ್ಟರು. ಆಮೇಲೆ ಡಾಕ್ಟರ ಕೋಣೆಗೆ ಹೋದರು.

ಡಾಕ್ಟರಿಗೆ ಮೊದಲು ನಂಬಿಕೆ ಬರಲಿಲ್ಲ. ನಂಬಿದ ಮೇಲೆ ಅವಮಾನವಾಯಿತು. ಅವಮಾನ ಸಿಟ್ಟಾಯಿತು. "ನಾವೇನ ಕಳವು ಮಾಡೀವೇನು? ನಂಬಿ ತೊಗೊಂಡೀವಿ. ತಪ್ಪು ಅವಂದು," ಅಂದರು. ಸರಿಯಾದ ಲೈಸೆನ್ಸ್ ಕೊಳ್ಳೋಣವೆಂದರೆ, ಕಂಪನಿ ಈಗ ಹಳೆಯ ಬಗೆಯದನ್ನು ಮಾರುವುದನ್ನೇ ನಿಲ್ಲಿಸಿತ್ತು. ನಮಗೆ ಬೇಡದ ಹತ್ತು ಸಾಮಾನು ಸೇರಿಸಿ ಕಟ್ಟಿದ ದೊಡ್ಡ ಗಂಟನ್ನೇ ವರ್ಷವರ್ಷವೂ ಕೊಳ್ಳಬೇಕು. ನಮ್ಮಂಥ ದವಾಖಾನೆಗೆ ಆಗದ ಮಾತು. ಬೇರೆ ದಾರಿಯಿದೆ, ಯಾರೂ ದುಡ್ಡು ಕೇಳದ, ಎಲ್ಲರೂ ಬಳಸಬಹುದಾದ ತಂತ್ರಾಂಶವಿದೆ, ಕಲಿತು ಒಂದೊಂದನ್ನೇ ಅದಕ್ಕೆ ಸಾಗಿಸುತ್ತೇನೆ, ಸ್ವಲ್ಪ ಕಾಲ ಕೊಡಿ ಎಂದು ಆಪಾ ಕೇಳಿಕೊಂಡರು.

ಕಾಲವೇ ಇರಲಿಲ್ಲ. ಸರ್ಕಾರದ ಆರೋಗ್ಯ ಕಾರ್ಡಿನ ಯೋಜನೆಗೆ ನಮ್ಮ ದವಾಖಾನೆಯನ್ನು ಸೇರಿಸಲು ಡಾಕ್ಟರು ಬಹಳ ವರ್ಷಗಳಿಂದ ಓಡಾಡಿದ್ದರು. ಸೇರಿದರೆ ಕಾರ್ಡಿದ್ದ ಬಡವರಿಗೆ ಇಲ್ಲಿಯೇ ಖರ್ಚಿಲ್ಲದೆ ಆಪರೇಷನ್. ಕೊನೆಗೆ ಎಲ್ಲ ಕೂಡಿ ಬಂದು, ಒಂದು ಕಾಗದ ಮಾತ್ರ ಉಳಿದಿತ್ತು. ಇಲ್ಲಿ ಬಳಸುವ ಎಲ್ಲ ತಂತ್ರಾಂಶವೂ ಕಾಯಿದೆ ಪ್ರಕಾರ ಪಡೆದದ್ದು ಎಂದು ಕಂಪ್ಯೂಟರ್ ನೋಡಿಕೊಳ್ಳುವವರು ಸಹಿ ಹಾಕಬೇಕು.

ಆ ದಿನ ಡಾಕ್ಟರ ಕೋಣೆಯಲ್ಲಿ ನಾನೂ ಇದ್ದೆ, ಯಾವುದೋ ಫಿಲ್ಮ್ ತೋರಿಸಲು ಹೋದವನು.

"ಈಗ ಸಹಿ ಹಾಕು, ಆಮ್ಯಾಲೆ ನಿಧಾನಕ ಸರಿ ಮಾಡಿಯಂತ," ಅಂದರು ಡಾಕ್ಟರು.

"ಸಾಹೇಬ್ರ, ಅದು ಖರೆ ಅಲ್ಲಲ್ರಿ."

"ಯಾರ ಕೇಳಾಕ ಬರ್ತಾರ?"

"ಯಾರೂ ಬರಂಗಿಲ್ರಿ. ಆದ್ರ ನನ್ನ ಕೈಲೆ ಆಗಂಗಿಲ್ರಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನಗ ಅನ್ನ ಹಾಕಿದ ಮನಿ ಇದು. ಬಡವರ ಸಲುವಾಗಿ ಕೇಳಾಕತ್ತೀನಿ, ನನ್ನ ಸಲುವಾಗಿ ಅಲ್ಲ."

ಆಪಾ ಅವರ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಪೆನ್ನನ್ನು ಮಾತ್ರ ಮುಟ್ಟಲಿಲ್ಲ. ಡಾಕ್ಟರು ಕಾಗದವನ್ನು ಮಡಚಿ ಒಳಗಿಟ್ಟು, "ಆತು, ನೀವು ಹೋಗ್ರಿ," ಅಂದರು. ಮಗಳಂತೆ ನೀನು ಎನ್ನುತ್ತಿದ್ದವರು ಅವತ್ತು ಮೊದಲ ಸಲ ಆಕೆಗೆ ನೀವು ಅಂದರು. ಆಪಾ ಬಾಗಿಲವರೆಗೆ ಹೋದವರು ಒಮ್ಮೆ ತಿರುಗಿ ನೋಡಿದ್ದು ಆ ಒಂದು ಮಾತಿಗೆ.

ಡಾಕ್ಟರು ಬೇರೆ ಯಾರನ್ನಾದರೂ ಆ ಜಾಗದಲ್ಲಿ ತೋರಿಸಿ ಸಹಿ ಹಾಕಿಸಬಹುದಿತ್ತು. ಹಾಕಿಸಲಿಲ್ಲ. ಕಾಗದ ಮೇಜಿನ ಒಳಗೇ ಉಳಿಯಿತು, ಯೋಜನೆಗೆ ಸೇರುವುದು ಮುಂದೂಡಿಹೋಯಿತು. "ನೋಡು, ಮತ್ತೊಬ್ಬರ ಕಡಿಂದ ಹಾಕಸಲಿಲ್ಲ ಅವರು," ಎಂದು ಆಪಾ ನನ್ನ ಹತ್ತಿರ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ಹೇಳುವಾಗಲೆಲ್ಲ ಅವರ ದನಿಯಲ್ಲಿ ಡಾಕ್ಟರ ಬಗ್ಗೆ ಹೆಮ್ಮೆಯೇ ಇರುತ್ತಿತ್ತು.

ಹತ್ತಿರದ ಯಮನೂರಿನ ಒಬ್ಬ ಅಜ್ಜನನ್ನು ಕರೆತಂದದ್ದು ಆ ದಿನಗಳಲ್ಲೇ. ಹತ್ತಿಯ ಹೊಲದಲ್ಲಿ ಕೆಲಸ ಮಾಡುವಾಗ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದ. ಕರುಳು ಸಿಕ್ಕಿಕೊಂಡಿತ್ತು. ಚಿತ್ರ ತೆಗೆದವನು ನಾನೇ. ತಕ್ಷಣ ಆಪರೇಷನ್ ಆಗಬೇಕು. ಡಾಕ್ಟರು ಇನ್ನೊಬ್ಬಾಕೆಯ ಹೆರಿಗೆಯ ಆಪರೇಷನ್ನಿನಲ್ಲಿದ್ದರು. ಅಜ್ಜನ ಮಗ ಚೀಟಿಯ ಕಿಟಕಿಯಲ್ಲಿ ಕೇಳಿದ, "ಇಲ್ಲಿ ಕಾರ್ಡ್ ನಡೀತೈತೇನ್ರಿ?" ಇನ್ನೂ ಇಲ್ಲ ಅಂದರು. "ಹಂಗಾದ್ರ ನಡಿಯೂ ಕಡೆ ಹೋಗೂಣು," ಎಂದು ಬಾಡಿಗೆ ಗಾಡಿಯಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಡಾಕ್ಟರು ಹೊರಗೆ ಬಂದು, "ದುಡ್ಡಿನ ಮಾತ್ಯಾಕ ಆಡಿದ್ರಿ, ನಾ ಮಾಡತಿದ್ದೆ, ತಿರುಗಿ ಕರೀರಿ," ಎಂದು ಕೂಗಾಡಿದರು. ಮಗನಿಗೆ ಫೋನು ಹತ್ತುವಷ್ಟರಲ್ಲಿ ಅಜ್ಜ ಗಾಡಿಯಲ್ಲೇ ಜೀವ ಬಿಟ್ಟಿದ್ದ.

ಡಾಕ್ಟರು ಕಾರಿಡಾರಿನಲ್ಲಿ ನಿಂತಿದ್ದರು. ಎದುರಿಗೆ ಆಪಾ. ಸುತ್ತ ನರ್ಸುಗಳು, ರೋಗಿಗಳು, ನಾನು.

"ನಿಮ್ಮ ಒಂದು ಸಹಿ ಇದ್ದಿದ್ದರ ಆ ಮನಿಶಾ ಇಲ್ಲೇ ಇರತಿದ್ದ," ಅಂದರು ಡಾಕ್ಟರು. ಕೂಗಲಿಲ್ಲ, ಮೆಲ್ಲಗೇ ಅಂದರು.

ಅವತ್ತಿನಿಂದ ಊಟದ ಹೊತ್ತಿಗೆ ಆಪಾ ಅವರ ಸುತ್ತ ಜಾಗ ಖಾಲಿಯಾಗುತ್ತ ಹೋಯಿತು. ಯಾರೂ ಬೈಯಲಿಲ್ಲ. ಆದರೆ ಆಪಾ ಚಟ್ನಿಯ ಡಬ್ಬಿ ಮುಂದೆ ಮಾಡಿದರೆ, ಎಲ್ಲರೂ ಸಾಕ್ರಿ ಅನ್ನುತ್ತಿದ್ದರು.

ಒಂದು ವಾರವಾದ ಮೇಲೆ, "ಯಮನೂರಿಗೆ ಹೋಗೂಣು ಬರ್ತೀಯೇನು ತಮ್ಮಾ?" ಎಂದು ಕೇಳಿದರು. ಹೋದೆವು. ಬಸ್ಸಿಳಿದು, ದರ್ಗಾದ ಕಡೆ ಹೊರಟ ಜನರ ಜೊತೆ ಸ್ವಲ್ಪ ದೂರ ನಡೆದು, ಕೇಳುತ್ತ ಕೇಳುತ್ತ ಅಜ್ಜನ ಮನೆ ಹುಡುಕಿದೆವು. ಸೊಸೆ ಜೋಳ ಹಸನು ಮಾಡುತ್ತಿದ್ದಳು. ದವಾಖಾನೆಯವರು ಮಾತಾಡಿಸಲು ಬಂದಿದ್ದಾರೆಂದು ಅವಳಿಗೆ ಸಂತೋಷವೇ ಆಯಿತು. ಚಾಪೆ ಹಾಸಿದಳು, ಚಹಾ ಇಟ್ಟಳು. ಆಪಾ ಕುಡಿಯಲಿಲ್ಲ. ನಡೆದದ್ದನ್ನೆಲ್ಲ ಹೇಳಿದರು. ಲೈಸೆನ್ಸ್, ಕಾಗದ, ತಾನು ಸಹಿ ಹಾಕಲಿಲ್ಲ ಎಂಬುದು, ಅದರಿಂದ ಕಾರ್ಡ್ ನಡೆಯಲಿಲ್ಲ ಎಂಬುದು. ಸೊಸೆ ಎಲ್ಲವನ್ನೂ ಕೇಳಿದಳು. ಮೊರವನ್ನು ಒಮ್ಮೆ ಕೇರಿ ಕೆಳಗಿಟ್ಟಳು.

"ಏನ್ ಲೈಸೆನ್ಸೋ ಏನೋ, ನಮಗ ತಿಳ್ಯಂಗಿಲ್ಲ ಬಿಡ್ರಿ ಅಕ್ಕಾರ. ಮಾವನ ಆಯುಷ್ಯ ಅಷ್ಟ ಇತ್ತು. ಚಾ ಆರತೈತಿ, ಕುಡೀರಿ."

ಆಪಾ ಚಹಾ ಕುಡಿದರು. ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಎರೆಭೂಮಿ ಕಣ್ಣಳತೆ ಮುಗಿಯುವವರೆಗೆ ಬಿರುಕು ಬಿಟ್ಟುಕೊಂಡು ಮಲಗಿತ್ತು. ಊರು ಹತ್ತಿರ ಬಂದಾಗ ಒಂದೇ ಮಾತು ಆಡಿದರು. "ಬೈದಿದ್ದರ ಚಲೋ ಆಗತಿತ್ತು."

ಆಮೇಲೆ ಆಪಾ ಕೆಲಸಕ್ಕೆ ಬಿದ್ದ ರೀತಿಯನ್ನು ಹೇಗೆ ಹೇಳಲಿ. ಹೊಸ ತಂತ್ರಾಂಶವನ್ನು ಮೊದಲು ಒಂದು ಹಳೆಯ ಕಂಪ್ಯೂಟರಿನಲ್ಲಿ ಹಾಕಿ ಕಲಿತರು. ಕೆಟ್ಟಿತು, ಮತ್ತೆ ಹಾಕಿದರು. ಯಾವುದೋ ದೇಶದಲ್ಲಿ ಕೂತು ಇದನ್ನೇ ಮಾಡುತ್ತಿದ್ದ ಅಪರಿಚಿತರಿಗೆ ಪ್ರಶ್ನೆ ಬರೆದು, ಬಂದ ಉತ್ತರವನ್ನು ನಿಘಂಟು ಇಟ್ಟುಕೊಂಡು ಓದಿದರು. ಒಂದು ಸರ್ವರನ್ನು ಖಾಲಿ ಮಾಡಿ, ಹೊಸದನ್ನು ಅದಕ್ಕೆ ಹಾಕಿ, ಹೊರರೋಗಿಗಳು ಬರದ ಭಾನುವಾರಗಳಲ್ಲಿ ಒಂದೊಂದೇ ಕಂಪ್ಯೂಟರನ್ನು ಅತ್ತ ದಾಟಿಸಿದರು. ಬಿಲ್ಲಿನದು ಮೊದಲು, ಔಷಧ ಅಂಗಡಿಯದು ಆಮೇಲೆ. ಹಳೆಯ ಲೈಸೆನ್ಸಿನ ಕೊನೆಯ ದಿನ ಹತ್ತಿರ ಬರುತ್ತಲೇ ಇತ್ತು. ಡಾಕ್ಟರು ಆ ಬಾಗಿಲ ಮುಂದೆ ಹಾದುಹೋಗುವಾಗ ನಡಿಗೆ ನಿಧಾನ ಮಾಡುತ್ತಿದ್ದರು. ನಿಲ್ಲುತ್ತಿರಲಿಲ್ಲ.

ನನ್ನ ಎಕ್ಸ್‌ರೇಯದು ಎಲ್ಲಕ್ಕಿಂತ ದೊಡ್ಡದು, ಕೊನೆಗೆ ಉಳಿದಿತ್ತು. ಆ ಭಾನುವಾರ ನಾನೂ ಹೋಗಿದ್ದೆ. ದಾಟಿಸಿಯಾಯಿತು. ಶುರುಮಾಡಿದರು. ಪರದೆ ಕಪ್ಪಾಗಿಯೇ ಉಳಿಯಿತು. ಮತ್ತೆ ಮಾಡಿದರು, ಮತ್ತೆ ಕಪ್ಪು. ಊರಿನ ಎಷ್ಟು ಜನರ ಎಲುಬು, ಎದೆ, ಎಲ್ಲ ಅದರೊಳಗೆ. ಆಪಾ ಕುರ್ಚಿ ಬಿಟ್ಟು ನೆಲದ ಮೇಲೆ ಕೂತು, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು, ಪ್ರಾರ್ಥನೆಯೋ ಲೆಕ್ಕವೋ ತಿಳಿಯಲಿಲ್ಲ. ಇದ್ದಕ್ಕಿದ್ದಂತೆ ಎದ್ದು ಯಾವುದೋ ಒಂದು ಆಯ್ಕೆಯನ್ನು ಬದಲಿಸಿದರು. ಪರದೆ ಬೆಳಗಿತು.

"ಯಾವದರ ಒಂದು ತೆಗಿ," ಅಂದರು. ನಾನು ಕೈಗೆ ಸಿಕ್ಕ ಒಂದು ಚಿತ್ರ ತೆರೆದೆ.

"ಯಾರದಿದು?"

"ಯಾರದೋ ಮೊಣಕಾಲು ಆಪಾ."

"ನೋಡು ಎಷ್ಟು ಚಂದ ಐತಿ," ಎಂದು ಸೆರಗು ಬಾಯಿಗೆ ಹಿಡಿದು ಅತ್ತರು.

ಮರುದಿನ ಹಳೆಯ ತಂತ್ರಾಂಶವನ್ನೆಲ್ಲ ಅಳಿಸಿ, ಡಾಕ್ಟರ ಕೋಣೆಗೆ ತಾವಾಗಿಯೇ ಹೋಗಿ, "ಸಾಹೇಬ್ರ, ಆ ಕಾಗದ ಕೊಡ್ರಿ, ಈಗ ಖರೆ ಐತಿ," ಅಂದರು. ಸಹಿ ಹಾಕಿದರು. ಡಾಕ್ಟರು ಆ ಸಹಿಯನ್ನು ಬಹಳ ಹೊತ್ತು ನೋಡಿ, ಕೆಳಗೆ ತಮ್ಮದನ್ನು ಹಾಕಿದರು. "ಚಲೋ ಆತ್ರಿ," ಅಂದರು. ಅಷ್ಟೇ. ಯೋಜನೆ ಬಂತು, ಕಾರ್ಡು ನಡೆಯತೊಡಗಿತು, ಕಲಘಟಗಿ ಕಡೆಯಿಂದಲೂ ಜನ ಬರಲು ಶುರುಮಾಡಿದರು. ಊಟದ ಹೊತ್ತಿಗೆ ಆಪಾ ಸುತ್ತ ಮತ್ತೆ ಡಬ್ಬಿಗಳು ಸೇರಿದವು. ಆದರೆ ಡಾಕ್ಟರು ಆಕೆಯನ್ನು ಬಹುವಚನದಲ್ಲೇ ಮಾತಾಡಿಸುತ್ತ ಉಳಿದರು. ಆಪಾ ಅದನ್ನು ದಿನವೂ ಸಹಿಸಿದರು.

ಕೆಮ್ಮು ಶುರುವಾದದ್ದು ಯಾವಾಗ ಎಂದು ಯಾರೂ ಗಮನಿಸಲಿಲ್ಲ. ಸರ್ವರ್ ಕೋಣೆಯ ತಂಪಿಗೆ ಇರಬೇಕು ಅನ್ನುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು, "ಒಂದ ಫೋಟೋ ತೆಗಿ ನೋಡೂಣು," ಎಂದು ಎದೆಯ ಎಕ್ಸ್‌ರೇಗೆ ನಿಂತರು. ಉಸಿರು ಹಿಡಿರಿ ಅಂದೆ. ಹಿಡಿದರು. ಬಿಡ್ರಿ ಅಂದೆ. ಚಿತ್ರ ಬಂತು. ಎಡಗಡೆಯ ಪುಪ್ಪುಸದಲ್ಲಿ ಇರಬಾರದ ಬಿಳುಪು. ಈ ಕೆಲಸದಲ್ಲಿ ರೋಗಿಯ ಮುಂದೆ ಮುಖ ಕಲ್ಲಾಗಿಡುವುದನ್ನು ನಾನು ಕಲಿತಿದ್ದೆ. ಅವರ ಮುಂದೆ ಆಗಲಿಲ್ಲ.

"ಇರಲಿ ಬಿಡು ತಮ್ಮಾ," ಎಂದು ನನ್ನ ಹೆಗಲು ಮುಟ್ಟಿದರು. "ನನ್ನ ಮಗಳಿಗೆ ನಾನ ಹೇಳ್ತೀನಿ."

ಹುಬ್ಬಳ್ಳಿಯಲ್ಲಿ ಚಿಕಿತ್ಸೆ ನಡೆಯಿತು. ಕೂದಲು ಹೋದ ತಲೆಗೆ ಬಿಗಿಯಾಗಿ ಓಢಣಿ ಸುತ್ತಿಕೊಂಡು ನಡುನಡುವೆ ಕೆಲಸಕ್ಕೂ ಬಂದರು. ತಾವಿಲ್ಲದಿದ್ದರೂ ನಡೆಯಲಿ ಎಂದು ಬಿಲ್ಲಿನ ವಿಭಾಗದ ಒಬ್ಬಾಕೆಗೆ ಎಲ್ಲವನ್ನೂ ಕಲಿಸಿದರು. ಕೊನೆಗೆ ಬರುವುದು ನಿಂತಿತು. ಅವರ ಮನೆಗೆ ನಾನು ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಡಾಕ್ಟರು ಆಕೆಯ ಔಷಧದ ಬಗ್ಗೆ ಹುಬ್ಬಳ್ಳಿಯ ವೈದ್ಯರಿಗೆ ದಿನವೂ ಫೋನ್ ಮಾಡುತ್ತಾರೆಂದು ನನಗೆ ಗೊತ್ತಿತ್ತು. ಮನೆಗೆ ಮಾತ್ರ ಹೋಗಿರಲಿಲ್ಲ.

ಆಪಾ ತೀರಿಕೊಳ್ಳುವುದಕ್ಕೆ ಕೆಲವು ದಿನ ಮೊದಲು, ಒಂದು ಸಂಜೆ, ಡಾಕ್ಟರು ನನ್ನ ಕೋಣೆಯ ಬಾಗಿಲಲ್ಲಿ ನಿಂತು "ನಡಿ" ಅಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಓಣಿ ಕಿರಿದು, ಕಾರು ಹೋಗುವುದಿಲ್ಲ. ವಯಸ್ಸಾದ ಮನುಷ್ಯ, ನನ್ನ ತೋಳು ಹಿಡಿದು ನಡೆದರು. ಮಗಳು ಕುರ್ಚಿ ತಂದಿಟ್ಟಳು. ಡಾಕ್ಟರು ಅದನ್ನು ಸರಿಸಿ, ಹಾಸಿಗೆಯ ಬಾಜೂ ಜಮಖಾನೆಯ ಮೇಲೆ ಕೂತರು. ಆಪಾ ಏಳಲು ನೋಡಿದರು, ಆಗಲಿಲ್ಲ. ಸೆರಗನ್ನು ಮಾತ್ರ ತಲೆಯ ಮೇಲೆ ಎಳೆದುಕೊಂಡರು.

"ಅವತ್ತ ಕಾರಿಡಾರಿನ್ಯಾಗ ನಾ ಅಂದದ್ದು," ಎಂದು ಡಾಕ್ಟರು ಶುರುಮಾಡಿದರು.

"ಅದು ಖರೆ ಇತ್ರಿ ಸಾಹೇಬ್ರ."

"ಖರೆ ಇದ್ರೂ ಅನಬಾರದಿತ್ತು."

ಆಪಾ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ಆ ಅಜ್ಜ ಕನಸಿನ್ಯಾಗ ಬರ್ತಾನ್ರಿ. ಏನೂ ಅನ್ನಂಗಿಲ್ಲ. ಸುಮ್ನ ಕುಂದರ್ತಾನ."

"ನನಗೂ ಬರ್ತಾನ," ಅಂದರು ಡಾಕ್ಟರು.

ಮಗಳು ಒಳಗೆ ಹೋದಳು. ನಾನು ಹೊಸ್ತಿಲ ಹತ್ತಿರ ನಿಂತೇ ಇದ್ದೆ.

"ಒಂದು ಕೇಳ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ," ಅಂದರು ಡಾಕ್ಟರು. "ಅದ ಕಾಗದ ಇವತ್ತ ಮತ್ತ ನಿನ್ನ ಮುಂದ ಇಟ್ರ?"

ಆಪಾ ಡಾಕ್ಟರನ್ನೇ ನೋಡಿದರು. ಆಕೆಯದು ಕ್ಷಮೆ ಕೇಳುವವರ ಮುಖ.

"ಹಾಕಂಗಿಲ್ರಿ ಸಾಹೇಬ್ರ."

ಡಾಕ್ಟರು ತಲೆಯಾಡಿಸಿದರು. ಕೈ ಚಾಚಿ ಆಕೆಯ ಮಣಿಕಟ್ಟನ್ನು ಹಿಡಿದರು. ಅದರಲ್ಲಿ ಎಲುಬಿನ ಹೊರತು ಏನೂ ಉಳಿದಿರಲಿಲ್ಲ.

"ನಾಡಿ ನೋಡಾಕತ್ತೀರೇನ್ರಿ?"

"ಇಲ್ಲವಾ. ಸುಮ್ನ ಹಿಡದೀನಿ."

ಮಸೀದಿಯಲ್ಲಿ ಸಂಜೆಯ ಆಜಾನ್ ಆಗಿ, ಮಗಳು ದೀಪ ಹಾಕಿದ ಮೇಲೂ ಹಾಗೆಯೇ ಹಿಡಿದು ಕೂತಿದ್ದರು. ನಾವು ತಿರುಗಿ ಬಂದಾಗ ಹೊರರೋಗಿಗಳ ಬೆಂಚುಗಳೆಲ್ಲ ತುಂಬಿದ್ದವು. ಡಾಕ್ಟರು ಯಾವತ್ತೂ ತಡ ಮಾಡಿದವರಲ್ಲ. ಮುಂದಿದ್ದ ಮುದುಕಿಯೊಬ್ಬಳು, "ಎಲ್ಲಿ ಹೋಗಿದ್ರೀ ಸಾಹೇಬ್ರ, ಎಷ್ಟೊತ್ತಾತು ಕುಂತು," ಎಂದು ಸಿಟ್ಟಿನಿಂದಲೇ ಕೇಳಿದಳು.

ಡಾಕ್ಟರು ಕೊರಳಿಗೆ ಸ್ಟೆತಾಸ್ಕೋಪ್ ಹಾಕಿಕೊಳ್ಳುತ್ತ ಹೇಳಿದರು, "ನಮ್ಮ ಮನ್ಯಾಗ ಒಬ್ಬರಿಗೆ ಆರಾಮ ಇಲ್ಲವಾ."